ಕೈಮದ್ದು

ಮಜ್ಜಿಗೆ ಕುಡಿದು ಲೋಟ ಕೆಳಗಿಡುವ ಮೊದಲು ಸಂಜೀವಪ್ಪ ಅದನ್ನು ಬೆಳಕಿಗೆ ಹಿಡಿದು ಬಗ್ಗಿಸಿದ. ತಳದಲ್ಲಿ ಉಳಿದಿದ್ದ ಗುಟುಕು ಒಂದು ಬದಿಗೆ ಜಾರಿತು. ಸ್ಟೀಲಿನ ಮೇಲೆ ಸಣ್ಣದಾಗಿ ಬಿಳಿ ಪುಡಿ ಅಂಟಿಕೊಂಡಿತ್ತು. ಮೊಸರಿನ ಕಣವಾಗಿದ್ದರೆ ಬೆರಳು ತಾಗಿದ ಕೂಡಲೇ ಒಡೆಯಬೇಕಿತ್ತು. ಇದು ಒಡೆಯಲಿಲ್ಲ. ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಕಿರಕಿರ ಅಂದಿತು. ನಾಲಿಗೆಗೆ ತಾಗಿಸಿದ. ಕಹಿ.

ಹಿತ್ತಲಿನ ಷೆಡ್ಡಿನಲ್ಲಿ ನಾಲ್ಕು ಮಗ್ಗಗಳೂ ಓಡುತ್ತಿದ್ದವು. ಕರೆಂಟು ಇದ್ದಷ್ಟು ಹೊತ್ತು ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಯಾವ ಮನೆಯಲ್ಲೂ ಗಂಡ ಹೆಂಡತಿ ಕೂಗದೆ ಮಾತಾಡುವ ಹಾಗಿರಲಿಲ್ಲ.

"ಇನ್ನೊಂಚೂರು ಹಾಕ್ಲಾ?" ಎಂದು ಅಡುಗೆಮನೆಯ ಬಾಗಿಲಿನಿಂದ ರುಕ್ಮಿಣಮ್ಮ ಕೂಗಿದಳು.

"ಸಾಕು."

ಅವಳು ಬಂದು ತಟ್ಟೆಗಿಂತ ಮೊದಲು ಲೋಟ ಎತ್ತಿಕೊಂಡಳು. ಅದರೊಳಗೆ ಒಮ್ಮೆ ನೋಡಿದಳು. ದಿನವೂ ಹೀಗೆಯೇ ನೋಡುತ್ತಿದ್ದಳೋ ಇವತ್ತು ಮಾತ್ರವೋ, ಸಂಜೀವಪ್ಪನಿಗೆ ನೆನಪು ಮಾಡಿಕೊಳ್ಳಲಾಗಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ, ಮಗ್ಗದ ಮುಂದೆ ಬಗ್ಗಿ ಕಡಿದುಹೋದ ಎಳೆಗಳಿಗೆ ಗಂಟು ಹಾಕುತ್ತಿದ್ದಾಗ ಅವನ ಮೂಗಿನಿಂದ ರಕ್ತ ಸುರಿದಿತ್ತು. ಮುಕ್ಕಾಲು ಭಾಗ ನೇಯ್ದಿದ್ದ ಸೀರೆ ಹಾಳಾಯಿತು. ಮಗ್ಗದ ಕೆಲಸದ ಮುನಿಸ್ವಾಮಿ ತಲೆಗೆ ತಣ್ಣೀರು ಹಾಕಿ, ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು ನೋಡಿದರು. ಇನ್ನೊಂದು ತೋಳಿಗೂ ಸುತ್ತಿ ನೋಡಿದರು. ಬಿ.ಪಿ. ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ, ದಿನಾ ಬೆಳಿಗ್ಗೆ ಒಂದು ಮಾತ್ರೆ ತಗೊಳ್ಳಿ ಅಂದರು.

"ಎಷ್ಟು ದಿನ ತಗೋಬೇಕಮ್ಮ?"

"ದಿನಾನೂ."

"ಅದೇ, ಎಷ್ಟು ದಿನ?"

"ಇರೋವರ್ಗೂ," ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದಿದ್ದರು.

ಆ ಮಾತು ಅವನಿಗೆ ಸರಿಬರಲಿಲ್ಲ. ಜ್ವರದ ಮಾತ್ರೆ ಜ್ವರ ಬಿಡುವವರೆಗೆ, ಕೆಮ್ಮಿನ ಔಷಧ ಕೆಮ್ಮು ನಿಲ್ಲುವವರೆಗೆ. ಮುಗಿಯುವುದೇ ಇಲ್ಲದ ಔಷಧ ಯಾವುದು? ಕ್ಲಿನಿಕ್ಕಿಗೆ ಅಂಟಿಕೊಂಡೇ ಮೆಡಿಕಲ್ ಸ್ಟೋರು ಇತ್ತು, ಎರಡಕ್ಕೂ ನಡುವೆ ಒಂದು ಬಾಗಿಲೂ ಇತ್ತು. ಆ ಬಾಗಿಲನ್ನು ಅವನು ಗಮನಿಸಿದ್ದ. ಆದರೂ ಮೂಗಿನ ರಕ್ತದ ಹೆದರಿಕೆಗೆ ಕೆಲವು ತಿಂಗಳು ಮಾತ್ರೆ ನುಂಗಿದ. ರಕ್ತ ಮತ್ತೆ ಬರಲಿಲ್ಲ. ಬದಲಿಗೆ ಬೇರೆ ಏನೇನೋ ಶುರುವಾಯಿತು. ಕೈಬೆರಳು ತಣ್ಣಗಾಗುತ್ತಿತ್ತು. ನೂಲಿನ ಮೂಟೆ ಹೊತ್ತು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು. ಹೆಂಡತಿಯ ಪಕ್ಕ ಮಲಗಿದರೂ ಮೈ ಹಿಂದಿನಂತೆ ಮಾತು ಕೇಳುತ್ತಿರಲಿಲ್ಲ. ಅದನ್ನು ಆ ಡಾಕ್ಟರಮ್ಮನ ಮುಂದೆ ಹೇಳುವುದು ಹೇಗೆ? ಗಣೇಶನ ಹಬ್ಬದ ಹೊತ್ತಿಗೆ ಮಾತ್ರೆ ಬಿಟ್ಟುಬಿಟ್ಟ.

"ಇನ್ಮೇಲೆ ನನ್ನ ಮುಂದೆ ಮಾತ್ರೆ ವಿಷ್ಯ ಎತ್ಬೇಡ," ಎಂದು ರುಕ್ಮಿಣಮ್ಮನಿಗೆ ಹೇಳಿದ್ದ. "ನಂಗೇನೂ ಆಗಿಲ್ಲ. ಚೆನ್ನಾಗಿರೋನ್ನ ಆ ಮಾತ್ರೇನೇ ಕೆಡಿಸ್ತಾ ಇದೆ."

ಅವಳು ಸ್ವಲ್ಪ ದಿನ ಬಿಡದೆ ಕೇಳಿದಳು. ಬೈದ. ಆಮೇಲೆ ಒಂದು ದಿನ ಕೇಳುವುದನ್ನು ನಿಲ್ಲಿಸಿದಳು. ಮತ್ತೆ ಆ ಸುದ್ದಿಯನ್ನೇ ಎತ್ತಲಿಲ್ಲ. ಒಳ್ಳೆಯದಾಯಿತು ಅಂದುಕೊಂಡಿದ್ದ. ಆದರೆ ಮಾತ್ರೆ ಬಿಟ್ಟ ಮೇಲೆ ಬಿಸಿಯಾಗಿದ್ದ ಬೆರಳುಗಳು ದೀಪಾವಳಿ ಕಳೆದ ಮೇಲೆ ಮತ್ತೆ ತಣ್ಣಗಾದವು. ಕಾಲು ಮತ್ತೆ ಸೋಲತೊಡಗಿತು. ಅದು ಯಾಕೆ ಎಂದು ತಿಳಿಯದೆ ಒದ್ದಾಡುತ್ತಿದ್ದವನಿಗೆ ಈಗ ಲೋಟದ ತಳದಲ್ಲಿ ಈ ಬಿಳಿ ಪುಡಿ ಸಿಕ್ಕಿತ್ತು.

ಮಾರನೆಯ ದಿನ ಅವನು ಷೆಡ್ಡಿನ ಕಿಟಕಿಯ ಹತ್ತಿರದ ಮಗ್ಗಕ್ಕೆ ಮುನಿಸ್ವಾಮಿಯನ್ನು ಬಿಡದೆ ತಾನೇ ನಿಂತ. ಅಲ್ಲಿಂದ ಅಡುಗೆಮನೆಯ ಒಳಗು ಅರ್ಧ ಕಾಣುತ್ತಿತ್ತು. ಊಟದ ಹೊತ್ತಿಗೆ ರುಕ್ಮಿಣಮ್ಮ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿದಳು. ಬೆನ್ನು ತಿರುಗಿಸಿ ನಿಂತು ಲಟ್ಟಣಿಗೆಯ ತುದಿಯಿಂದ ಏನನ್ನೋ ಅರೆದಳು. ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಲೋಟಕ್ಕೆ ಮಜ್ಜಿಗೆ ಬಗ್ಗಿಸುವ ಕೈ ಕಂಡಿತು. ಅಷ್ಟರಲ್ಲಿ ಲಾಳಿ ಸಿಕ್ಕಿಕೊಂಡು ಮಗ್ಗ ಕಟಕಟ ಅಂದದ್ದು ಅವನಿಗೆ ಕೇಳಿಸಲಿಲ್ಲ. ಮುನಿಸ್ವಾಮಿ ಓಡಿಬಂದು ಮಗ್ಗ ನಿಲ್ಲಿಸಿದ.

ಅವತ್ತು ಊಟಕ್ಕೆ ಕುಳಿತಾಗ, ಮಜ್ಜಿಗೆಯ ಲೋಟ ಹಿಡಿದು ಎದ್ದು ಹಿತ್ತಲಿಗೆ ಹೋಗಿ ನುಗ್ಗೆ ಮರದ ಬುಡಕ್ಕೆ ಸುರಿದ. ಬರಿಯ ಲೋಟ ತಂದು ಇಟ್ಟ. ಹಾಗೆಯೇ ಕೆಲವು ದಿನ ಮಾಡಿದ. ರುಕ್ಮಿಣಮ್ಮ ಪ್ರತಿ ಸಲವೂ ಲೋಟದೊಳಗೆ ನೋಡಿ, ಸಮಾಧಾನದಿಂದ ಎತ್ತಿಕೊಂಡು ಹೋಗುತ್ತಿದ್ದಳು. ಆ ಸಮಾಧಾನ ನೋಡಿ ಅವನಿಗೆ ಇನ್ನಷ್ಟು ಭಯವಾಯಿತು.

ವಿಚಿತ್ರವೆಂದರೆ, ಮಜ್ಜಿಗೆ ಬಿಟ್ಟ ಮೇಲೆ ಮೈ ಸರಿಯಾಗುವುದರ ಬದಲು ಕೆಟ್ಟಿತು. ಹಿಂದಲೆ ಸಿಡಿಯತೊಡಗಿತು. ಸುಮ್ಮನೆ ಕುಳಿತಿದ್ದರೂ ಎದೆ ಓಡಿಬಂದವನ ಹಾಗೆ ಬಡಿದುಕೊಳ್ಳುತ್ತಿತ್ತು. ಎಳೆಗೆ ಗಂಟು ಹಾಕುವಾಗ ಬೆರಳು ನಡುಗುತ್ತಿತ್ತು.

ಎರಡು ಬೀದಿ ಆಚೆಗಿದ್ದ ಅಕ್ಕ ಸಪ್ಪಲಮ್ಮನ ಮನೆಗೆ ಹೋಗಿ ಹೇಳಿಕೊಂಡ. ಗಂಡ ಸತ್ತ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಕುಚ್ಚು ಕಟ್ಟಿಕೊಂಡು ಬದುಕುತ್ತಿದ್ದವಳು ಅವಳು. ತಮ್ಮನ ಮೊದಲ ಹೆಂಡತಿ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ, ದೇವನಹಳ್ಳಿ ಹತ್ತಿರದ ವಿಜಯಪುರಕ್ಕೆ ಹೋಗಿ ರುಕ್ಮಿಣಮ್ಮನನ್ನು ನೋಡಿ ಒಪ್ಪಿ ತಂದವಳೂ ಅವಳೇ. ಎಲ್ಲ ಕೇಳಿ ಕೈಯಲ್ಲಿದ್ದ ಕುಚ್ಚನ್ನು ಮಡಿಲಿಗೆ ಬಿಟ್ಟಳು.

"ಮದ್ದು ಹಾಕವ್ಳೆ," ಅಂದಳು.

"ಅಕ್ಕ, ಸುಮ್ನಿರು."

"ಸುಮ್ನಿರು ಅಂದ್ರೆ? ತಿನ್ನೋದ್ ನಿಲ್ಸಿದ್ ಕೂಡ್ಲೆ ತಲೆ ಸಿಡೀತು, ಎದೆ ಬಡ್ಕೊಂತು ಅಂತ ನೀನೇ ಹೇಳ್ತಾ ಇದೀಯ. ಒಳಗಿರೋ ಮದ್ದು ಇನ್ನೂ ಬೇಕು ಅಂತ ಕೇಳ್ತೈತೆ ಕಣಪ್ಪಾ. ಮದ್ದಿನ ಗುಣಾನೇ ಅದು."

"ಅವ್ಳ್ಯಾಕೆ ಹಾಕ್ತಾಳೆ? ಅವ್ಳಿಗೇನು ಕಮ್ಮಿ ಮಾಡಿದೀನಿ?"

"ಮನೆ ತನ್ನ ಹೆಸ್ರಿಗೆ ಮಾಡು ಅಂತ ಕೇಳಿದ್ಲಾ?"

"ಇಲ್ಲ. ಯಾವತ್ತೂ ಏನೂ ಕೇಳಿಲ್ಲ."

"ಮಕ್ಕಳಿಲ್ದ ಹೆಂಗ್ಸು ಏನೂ ಕೇಳಲ್ಲ ಅಂದ್ರೆ ನೀನೇ ಯೋಚ್ನೆ ಮಾಡು." ಸಪ್ಪಲಮ್ಮ ದನಿ ತಗ್ಗಿಸಿದಳು. "ತಪ್ಪು ನಂದೇ. ಮೂವತ್ತು ದಾಟಿದ್ರೂ ಯಾಕೆ ಮದ್ವೆ ಆಗಿಲ್ಲ ಅಂತ ಅವತ್ತೇ ಕೇಳಿದ್ದೆ. ಜಾತಕ ಕೂಡ್ಬರ್ಲಿಲ್ಲ ಅಂದ್ರು. ಅವ್ಳಣ್ಣ ಹಂಗೆ ಹೇಳುವಾಗ ಅವ್ಳತ್ತಿಗೆ ಮುಖ ಆ ಕಡೆ ತಿರುಗ್ಸ್ಕೊಂಡ್ಲು. ಏನೋ ಮುಚ್ಚಿಟ್ಟವ್ರೆ ಅಂತ ನಂಗೆ ಅವತ್ತೇ ಅನ್ನಿಸ್ತು. ಹುಡ್ಗಿ ಕೆಲ್ಸದೋಳು ಅಂತ ಸುಮ್ನಾದೆ."

ಮುಂದಿನ ವಾರ ಅಕ್ಕ ತಮ್ಮ ಇಬ್ಬರೂ ಕುಂದಾಣದ ಕಡೆಯ ಬಸ್ಸು ಹತ್ತಿದರು. ನೂಲಿನ ವ್ಯಾಪಾರ ಎಂದು ಮನೆಯಲ್ಲಿ ಹೇಳಿದ್ದ. ಬಸ್ಸು ಇಳಿದು ರಾಗಿ ಹೊಲಗಳ ನಡುವೆ ನಡೆದರೆ ಒಂದು ಹಳ್ಳಿ. ಅಲ್ಲಿ ಪಿಳ್ಳಪ್ಪ ಎಂಬವನು ಹೊಟ್ಟೆಗೆ ಹಾಕಿದ ಮದ್ದು ತೆಗೆಯುತ್ತಿದ್ದ. ಹುಣಸೆಮರದ ಕೆಳಗೆ ಆಗಲೇ ಏಳೆಂಟು ಜನ ಕುಳಿತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಮ್ಮ ತಮ್ಮ ಮನೆಯ ಒಬ್ಬೊಬ್ಬರ ಹೆಸರು ನುಂಗಿಕೊಂಡು ಕುಳಿತವರ ಹಾಗಿದ್ದರು.

ಪಿಳ್ಳಪ್ಪ ಹೆಚ್ಚು ಮಾತಿನವನಲ್ಲ. ಸಂಜೀವಪ್ಪನ ಅಂಗೈಯಲ್ಲಿ ಯಾವುದೋ ಸೊಪ್ಪಿನ ರಸ ಹಿಂಡಿ, ಮೇಲೆ ನಾಲ್ಕು ತೊಟ್ಟು ಹಾಲು ಬಿಟ್ಟ. ಹಾಲು ಒಡೆದು ಚೂರುಚೂರಾಯಿತು.

"ಐತೆ," ಅಂದ.

ತಾಮ್ರದ ಚೊಂಬಿನಲ್ಲಿ ಕೊಟ್ಟದ್ದನ್ನು ಕುಡಿದ ಮೇಲೆ ಸಂಜೀವಪ್ಪ ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಕರುಳೇ ಕಿತ್ತು ಬರುವ ಹಾಗೆ ಬೂದಿಯ ಗುಡ್ಡೆಯ ಮೇಲೆ ವಾಂತಿ ಮಾಡಿದ. ಕಣ್ಣಲ್ಲಿ ನೀರು ಬಂದು ಎಲ್ಲ ಮಸುಕಾಯಿತು. ಪಿಳ್ಳಪ್ಪ ಕಡ್ಡಿಯಿಂದ ಕೆದಕಿ ಒಂದು ಕಪ್ಪು ಗಂಟು ತೋರಿಸಿದ. ಅದು ತನ್ನೊಳಗಿಂದ ಬಂದದ್ದೋ ಬೂದಿಯಲ್ಲಿ ಮೊದಲೇ ಇದ್ದದ್ದೋ ಎಂದು ಸಂಜೀವಪ್ಪನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಕೇಳುವಷ್ಟು ಶಕ್ತಿ ಇರಲಿಲ್ಲ.

"ಯಾರು ಅಂತ ಹೇಳಪ್ಪಾ," ಎಂದು ಸಪ್ಪಲಮ್ಮ ಒತ್ತಾಯ ಮಾಡಿದಳು.

"ಹೆಸ್ರು ನಾನು ಹೇಳಲ್ಲಮ್ಮ. ಊಟ ಬಡಿಸೋ ಕೈ. ಆ ಕೈಯಿಂದ ಕೆಲ ದಿನ ಏನೂ ತಿನ್ಬೇಡಿ."

ಅಂದಿನಿಂದ ಸಂಜೀವಪ್ಪ ಮನೆಯಲ್ಲಿ ನೀರು ಸಹ ಮುಟ್ಟಲಿಲ್ಲ. ಹೊತ್ತು ಹೊತ್ತಿಗೆ ಅಕ್ಕನ ಮನೆಗೆ ಹೋಗಿ ಉಂಡು ಬರುತ್ತಿದ್ದ. ರುಕ್ಮಿಣಮ್ಮ ಮೊದಲ ದಿನ ತಟ್ಟೆ ಹಾಕಿ ಕಾದಳು. ಎರಡನೆಯ ದಿನವೂ ಹಾಕಿದಳು. ಆಮೇಲೆ ತನಗೊಂದೇ ತಟ್ಟೆ ಹಾಕಿಕೊಂಡು, ಬಾಗಿಲ ಕಡೆ ಬೆನ್ನು ಮಾಡಿ ಕುಳಿತು ಉಣ್ಣತೊಡಗಿದಳು. ಏನು ಎತ್ತ ಎಂದು ಕೇಳಲಿಲ್ಲ. ಕೇಳಿದ್ದರೆ ಕೂಗಾಡಬಹುದಿತ್ತು. ಕೇಳದೆ ಇರುವುದು ಅವಳ ತಪ್ಪಿಗೆ ಇನ್ನೊಂದು ಸಾಕ್ಷಿಯಾಗಿ ಅವನಿಗೆ ಕಂಡಿತು. ಬೀದಿಯವರಿಗೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ನಲ್ಲಿಯ ಹತ್ತಿರ ರುಕ್ಮಿಣಮ್ಮ ಕೊಡ ಇಟ್ಟರೆ ಹೆಂಗಸರು ತಮ್ಮ ಕೊಡ ಸ್ವಲ್ಪ ಆಚೆಗೆ ಸರಿಸಿಕೊಳ್ಳುತ್ತಿದ್ದರು.

ತಲೆನೋವು ಮಾತ್ರ ಹೋಗಲಿಲ್ಲ. ಮದ್ದಿನ ಬೇರು ಇನ್ನೂ ಉಳಿದಿದೆ, ಇನ್ನೊಂದು ಸಲ ಹೋಗಿ ಬರೋಣ ಅಂದಳು ಸಪ್ಪಲಮ್ಮ.

ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಇಡೀ ಬೀದಿಯೇ ಉಸಿರು ಬಿಟ್ಟಂತೆ ಸದ್ದಡಗಿ, ಎಲ್ಲೋ ಮಗುವೊಂದು ಅಳುತ್ತಿದ್ದದ್ದು ಕೇಳಿಸಿತು. ಮುನಿಸ್ವಾಮಿ ಬೀಡಿ ಸೇದಲು ಹೊರಗೆ ಹೋದ. ಷೆಡ್ಡಿನ ಮೂಲೆಯಲ್ಲಿ ರುಕ್ಮಿಣಮ್ಮ ಲಾಳಿಗೆ ಹಾಕುವ ಕಂಡಿಕೆಗಳನ್ನು ಕೈರಾಟೆಯಲ್ಲಿ ಸುತ್ತುತ್ತಿದ್ದಳು. ರಾಟೆ ನಿಲ್ಲಿಸದೆಯೇ ಮಾತಾಡಿದಳು.

"ಕುಂದಾಣದ ಕಡೆ ಹೋಗಿ ಬಂದ್ರಂತೆ."

ಸಂಜೀವಪ್ಪ ನಿಂತ ಮಗ್ಗದ ಲಾಳಿ ಎತ್ತಿ ನೋಡತೊಡಗಿದ.

"ನಿಮ್ಮಕ್ಕನ ಮನೇಲಿ ಊಟ ಮಾಡಿ, ಬೇಡ ಅನ್ನಲ್ಲ. ಆದ್ರೆ ಮಾತ್ರೆ ನುಂಗಿ ಮಾಡಿ."

"ಯಾವ ಮಾತ್ರೆ?"

ಅವಳು ರಾಟೆ ಬಿಟ್ಟು, ಸೆರಗಿನ ಗಂಟು ಬಿಚ್ಚಿ, ಬೆಳ್ಳಿಬಣ್ಣದ ಕಾಗದದಲ್ಲಿ ಸಾಲಾಗಿ ಕೂತ ಬಿಳಿ ಮಾತ್ರೆಗಳನ್ನು ತೆಗೆದು ಹಲಗೆಯ ಮೇಲಿಟ್ಟಳು. ಪಟ್ಟಿ ಅರ್ಧ ಖಾಲಿಯಾಗಿತ್ತು.

"ಇದೇ. ನೀವು ಬಿಟ್ರಲ್ಲ, ಅದೇ ಮಾತ್ರೆ. ಹೇಳಿದ್ರೆ ಕೇಳ್ಲಿಲ್ಲ. ಅದಕ್ಕೆ ಮಜ್ಜಿಗೇಲಿ ಹಾಕ್ದೆ."

ಸಂಜೀವಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಅಂಗಡಿಯಲ್ಲಿ ಬೇರೆ ಸರಕು ತೋರಿಸಿದಾಗ ಬರುವ ಅನುಮಾನ. ಇದನ್ನು ನಿನ್ನೆ ತಂದಿಟ್ಟುಕೊಂಡಿರಲಿಕ್ಕೂ ಸಾಕು.

"ನನ್ನ ಮೈಗೆ ಏನು ಹೋಗ್ಬೇಕು, ಏನು ಹೋಗ್ಬಾರ್ದು ಅಂತ ನೀನ್ಯಾರೇ ಹೇಳೋಕೆ? ನಂಗೆ ಹೇಳ್ದೆ ಕೇಳ್ದೆ ತಿನ್ಸಿದೀಯ. ಮದ್ದು ಹಾಕೋದು ಅಂದ್ರೆ ಇನ್ನೇನು?"

"ತಪ್ಪೇ. ಇಲ್ಲ ಅಂದ್ನಾ?"

"ಯಾಕೆ ಮಾಡ್ದೆ?"

ರುಕ್ಮಿಣಮ್ಮ ಕೈಯಲ್ಲಿದ್ದ ಕಂಡಿಕೆಯ ಎಳೆಯನ್ನು ಹಲ್ಲಿನಿಂದ ಕಡಿದಳು.

"ನಮ್ಮಪ್ಪಂಗೂ ಇದೇ ಕಾಯ್ಲೆ. ಅವ್ರೂ ಚೆನ್ನಾಗಿದೀನಿ ಅಂತ ಮಾತ್ರೆ ಬಿಟ್ರು. ಒಂದಿನ ಮಗ್ಗದ ಗುಂಡೀಲಿ ಕೂತಿದ್ ಹಂಗೇ ಬಿದ್ರು. ಲಕ್ವ. ಬಲಗೈ, ಬಲಗಾಲು, ಮಾತು, ಎಲ್ಲಾ ಹೋಯ್ತು. ಅಮ್ಮ ಇರ್ಲಿಲ್ಲ. ನಾನೇ ನೋಡ್ಕೊಂಡೆ. ಎತ್ತಿ ಕೂರ್ಸೋದು, ತಿನ್ಸೋದು, ತೊಳ್ಯೋದು, ಮಗ್ಗುಲು ಹೊರಳ್ಸೋದು. ವರ್ಷಗಟ್ಲೆ. ನೋಡಕ್ಕೆ ಬಂದ ಗಂಡಿನ ಕಡೆಯೋರ್ಗೆ ನಮ್ಮಣ್ಣ ಜಾತಕದ ನೆಪ ಹೇಳಿ ಕಳ್ಸೋನು. ನಾನು ಹೋದ್ರೆ ಅಪ್ಪನ್ನ ಯಾರು ತೊಳೀಬೇಕು? ಅವ್ರು ಸತ್ಮೇಲೇ ನಿಮ್ಮಕ್ಕ ಬಂದಿದ್ದು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದ್ರು. ಲಕ್ವದ ವಂಶ ಅಂತಾರೆ ಅಂತ." ಅವಳು ಮೊದಲ ಸಲ ಅವನ ಮುಖ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. "ನೋಡಿ, ನೀವು ಸತ್ರೆ ಅಳ್ತೀನಿ. ಅತ್ತು ಹೆಂಗೋ ಇರ್ತೀನಿ. ಸಾಯ್ದೆ ಬಿದ್ಕೊಂಡ್ರೆ ಮಾತ್ರ ನನ್ಕೈಲಿ ಆಗಲ್ಲ. ಒಂದ್ಸಲ ಮಾಡಿದೀನಿ. ಇನ್ನೊಂದ್ಸಲ ಆಗಲ್ಲ."

ಹೆಂಡತಿಯೊಬ್ಬಳು ಗಂಡನಿಗೆ ಹೀಗೂ ಹೇಳಬಹುದು ಎಂದು ಸಂಜೀವಪ್ಪನಿಗೆ ಗೊತ್ತಿರಲಿಲ್ಲ. ಮಾತ್ರೆಯ ಪಟ್ಟಿಯನ್ನು ಅವಳ ಕಡೆ ತಳ್ಳಿದ.

"ನೀನು ನುಂಗು."

ರುಕ್ಮಿಣಮ್ಮ ಒಂದು ಮಾತ್ರೆ ಒತ್ತಿ ತೆಗೆದು, ನೀರಿಗೂ ಕಾಯದೆ ಬಾಯಿಗೆ ಹಾಕಿಕೊಂಡಳು. ಗಂಟಲಿನಲ್ಲಿ ಅದು ಇಳಿಯಲು ತಡವಾಯಿತು. ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು. ಅಪ್ಪನಿಗೆ ಹೀಗೆಯೇ ತೋರಿಸು ಎಂದು ಹೇಳುತ್ತಿದ್ದಳೋ ಏನೋ. ಆಗ ಕರೆಂಟು ಬಂತು. ಪಕ್ಕದ ಮನೆಯ ಮಗ್ಗ ಶುರುವಾಯಿತು, ಅದರಾಚೆಯದು ಶುರುವಾಯಿತು. ಮುನಿಸ್ವಾಮಿ ಬೀಡಿ ಎಸೆದು ಒಳಗೆ ಬಂದ. ಮಾತು ಅಲ್ಲಿಗೆ ನಿಂತಿತು.

ಆ ದಿನ ಸಂಜೀವಪ್ಪ ಅಕ್ಕನ ಮನೆಗೆ ಹೋಗಲಿಲ್ಲ. ಮುಂದಿನ ಜಗಲಿಯ ಮೇಲೆ ಕುಳಿತ. ರುಕ್ಮಿಣಮ್ಮ ಒಳಗೆ ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳು ಹಗಲು ಮಲಗುವವಳಲ್ಲ. ಅವನು ಆಗಾಗ ಬಗ್ಗಿ ಒಳಗೆ ನೋಡುತ್ತಿದ್ದ. ಬೆನ್ನು ಏರಿಳಿಯುತ್ತಿದೆಯೇ? ನೆರಳಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಒಮ್ಮೆ ಎದ್ದು ಹೊಸ್ತಿಲವರೆಗೂ ಹೋಗಿ ನಿಂತ. ತಾನು ಅವಳು ಸಾಯುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದೇನೆ ಎಂಬುದು ಅಲ್ಲಿ ನಿಂತಾಗ ಅವನಿಗೆ ಹೊಳೆಯಿತು. ಹಿಂದಕ್ಕೆ ಬಂದು ಕುಳಿತ. ಆದರೂ ಕಿವಿ ಒಳಗೇ ಇತ್ತು. ಬಿಸಿಲು ಇಳಿದ ಮೇಲೆ ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯುವ ಸದ್ದು ಕೇಳಿಸಿತು.

"ಒಂದ್ ಮಾತ್ರೆ ನುಂಗಿದ್ರೆ ಏನಾಯ್ತು?" ಎಂದಳು ಸಪ್ಪಲಮ್ಮ, ಮಾರನೆಯ ದಿನ. "ತೋರ್ಸಿದ್ದು ಅದು. ಹಾಕಿದ್ದೂ ಅದೇನೇ ಅಂತ ಯಾರ್ ಕಂಡವ್ರೆ? ಇನ್ನು ಲಕ್ವದ ಕತೆ. ನಾನು ಆ ಮನೇಲಿ ಕೂತು ಉಪ್ಪಿಟ್ಟು ತಿಂದಿದೀನಿ. ಅಷ್ಟು ವರ್ಷ ಮಲ್ಗಿದ್ದ ಮನುಷ್ಯನ ಸುದ್ದಿ ಊರಲ್ಲಿ ಒಬ್ರೂ ಹೇಳ್ಲಿಲ್ವಲ್ಲ?"

ಸಂಜೀವಪ್ಪನಿಗೆ ಅದೂ ನಿಜ ಅನ್ನಿಸಿತು. ಪಟ್ಟಿಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡು ಹೊರಟ. ಮೊದಲು ಊರಿನ ಇನ್ನೊಂದು ತುದಿಯ ಮೆಡಿಕಲ್ ಸ್ಟೋರಿಗೆ ಹೋಗಿ, ಇದು ಯಾವುದರ ಮಾತ್ರೆ ಎಂದು ಕೇಳಿದ. ಬಿ.ಪಿ.ಯದು ಅಂದರು. ಅಲ್ಲಿಗೂ ಸಮಾಧಾನವಾಗದೆ ಕ್ಲಿನಿಕ್ಕಿಗೆ ಹೋದ.

ಡಾಕ್ಟರಮ್ಮ ಪಟ್ಟಿ ಸುತ್ತಿ ನೋಡಿ, ಮತ್ತೊಮ್ಮೆ ಗಾಳಿ ಹೊಡೆದರು. ಅವರ ಮುಖ ಗಂಭೀರವಾಯಿತು. ಅವನು ತಡವರಿಸುತ್ತ ಎಲ್ಲ ಹೇಳಿದ. ಮಜ್ಜಿಗೆಯದೂ, ತಲೆ ಸಿಡಿದದ್ದೂ. ಪಿಳ್ಳಪ್ಪನ ಸುದ್ದಿ ಮಾತ್ರ ಬಿಟ್ಟ.

"ನಿಮ್ಮನೆಯೋರು ಬಂದಿದ್ರು, ತಗೊಳ್ತಿಲ್ಲ ಅಂತ ಹೇಳಿದ್ರು," ಅಂದರು ಡಾಕ್ಟರಮ್ಮ. "ನಿಧಾನವಾಗಿ ಒಪ್ಸಿ ಅಂದಿದ್ದೆ. ಕದ್ದು ಹಾಕಿ ಅಂದಿರ್ಲಿಲ್ಲ. ಅದೂ ತಪ್ಪು. ಇದ್ದಕ್ಕಿದ್ದಂಗೆ ನಿಲ್ಸಿದ್ರಲ್ಲ, ಅದು ಇನ್ನೂ ತಪ್ಪು. ತಲೆ ಸಿಡಿದಿದ್ದು, ಎದೆ ಬಡ್ಕೊಂಡಿದ್ದು ಅದಕ್ಕೇ. ಮೈ ತಣ್ಣಗಾಗತ್ತೆ, ಸುಸ್ತಾಗತ್ತೆ ಅಂದ್ರೆ ಬಂದು ಹೇಳ್ಬೇಕಲ್ವ? ಬೇರೆ ಮಾತ್ರೆ ಇದೆ, ಬದಲಾಯಿಸ್ಬಹುದು. ಈಗ ಇದನ್ನೇ ಇವತ್ತಿಂದ್ಲೇ ಶುರು ಮಾಡಿ, ಮುಂದಿನ ವಾರ ಬನ್ನಿ. ಇನ್ನೇನಾದ್ರೂ ತೊಂದ್ರೆ ಇದ್ಯಾ?"

ಹೆಂಡತಿಯ ಪಕ್ಕ ಮಲಗಿದಾಗಿನ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲಮ್ಮ," ಅಂದ.

ಹೊರಗೆ ಬಂದು ನಿಂತಾಗ ಅನುಮಾನ ಇನ್ನೊಂದು ಸುತ್ತು ಬೆಳೆದಿತ್ತು. ಹೆಂಡತಿ ತನಗೆ ತಿಳಿಯದೆ ಇಲ್ಲಿಗೆ ಬಂದಿದ್ದಳು. ಇವರೂ ಅವಳೂ ಮೊದಲೇ ಮಾತಾಡಿಕೊಂಡಿದ್ದಾರೆ. ಇಬ್ಬರ ಮಾತೂ ಒಂದೇ ಆಗಿರುವುದರಲ್ಲಿ ಏನು ಆಶ್ಚರ್ಯ? ಮಾತ್ರೆ ಜೇಬಿನಲ್ಲೇ ಉಳಿಯಿತು. ಅವನು ಮನೆಯ ದಾರಿ ಹಿಡಿಯದೆ ದೇವನಹಳ್ಳಿಯ ಬಸ್ಸು ಹತ್ತಿದ. ಅಲ್ಲಿ ಇಳಿದು ವಿಜಯಪುರದ ಬಸ್ಸು ಹಿಡಿದ.

ಭಾವ, ರುಕ್ಮಿಣಮ್ಮನ ಅಣ್ಣ ಆದಿನಾರಾಯಣಪ್ಪ, ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿದ್ದ. ಅದೇ ಒಳ್ಳೆಯದಾಯಿತು ಅಂದುಕೊಂಡ ಸಂಜೀವಪ್ಪ. ಭಾವನ ಹೆಂಡತಿ ಬಾಗಿಲಲ್ಲೇ ಗಾಬರಿಯಾದಳು.

"ಒಬ್ರೇ ಬಂದ್ರಾ ಅಣ್ಣ? ರುಕ್ಮಿಣಿ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ರೇಷ್ಮೆ ನೋಡೋಣ ಅಂತ ಈ ಕಡೆ ಬಂದಿದ್ದೆ." ಕುಳಿತುಕೊಳ್ಳದೆ, ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದ ಪ್ರಶ್ನೆಯನ್ನು ಸಹಜವಾಗಿ ಎಂಬಂತೆ ಕೇಳಿದ. "ಮಾವನೋರು ಯಾವ ಕಡೆ ಮಲಗ್ತಿದ್ರು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳ್ಬಿಟ್ಲಾ?"

ಅವನು ಹೂಂ ಅಂದ.

"ನಮ್ದು ತಪ್ಪಾಯ್ತು ಅಣ್ಣ. ಮುಚ್ಚಿಡ್ಬಾರ್ದಿತ್ತು. ಹಿಂದ್ಗಡೆ ರೂಮಲ್ಲೇ ಇಟ್ಟಿದ್ವಿ, ಯಾರ್ಗೂ ಗೊತ್ತಾಗ್ದಂಗೆ. ಕೇಳ್ದೋರ್ಗೆ ಮಗಳ ಮನೇಲವ್ರೆ ಅಂತಿದ್ವಿ. ಇದ್ದೊಬ್ಳು ಮಗಳು ಇಲ್ಲೇ ಇದ್ಲು, ಅದನ್ನ ಯಾರೂ ಕೇಳ್ಲಿಲ್ಲ." ಹೇಳುತ್ತಲೇ ಅವಳು ಒಳಗೆ ನಡೆದಳು. ಅವನು ಹಿಂದೆ ಹೋದ.

ಹಿಂದಿನ ಕೋಣೆಗೆ ಒಂದೇ ಸಣ್ಣ ಕಿಟಕಿ. ಈಗ ಅಲ್ಲಿ ರೇಷ್ಮೆ ಹುಳುವಿನ ಬಿದಿರು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹಿಪ್ಪುನೇರಳೆ ಸೊಪ್ಪಿನ ಒಣ ವಾಸನೆ ಇತ್ತು. ಒಂದು ಗೋಡೆಯ ಬದಿ ಮಾತ್ರ ಬರಿದಾಗಿತ್ತು.

"ಇಲ್ಲೇ ಮಂಚ ಇತ್ತು. ಅವ್ಳು ಇಲ್ಲಿ, ನೆಲದ್ ಮೇಲೆ. ಮಲಗ್ತಾನೇ ಇರ್ಲಿಲ್ಲ. ಮಾವನಿಗೆ ಮಾತು ಬರ್ತಿರ್ಲಿಲ್ವಲ್ಲ, ಏನಾದ್ರೂ ಬೇಕಾದ್ರೆ ಎಡಗೈಯಿಂದ ಮಂಚ ತಟ್ಟೋರು. ನಿದ್ದೆ ಹತ್ತಿದ್ರೆ ಕೇಳ್ಸಲ್ಲ ಅಂತ ಗೋಡೆಗೆ ಒರಗಿ ಕೂತೇ ಇರೋಳು. ಕೂತಲ್ಲೇ ತೂಕಡ್ಸೋಳು. ನಾನು ಒಂದಿನಾನೂ ಅವ್ಳನ್ನ ಎಬ್ಬಿಸಿ, ಹೋಗಿ ಮಲ್ಕೋ ಅನ್ಲಿಲ್ಲ. ನಂಗೆ ಚಿಕ್ಕ ಮಕ್ಳಿದ್ವು." ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಪ್ರತಿ ಯುಗಾದಿಗೂ ಸುಣ್ಣ ಬಳೀತೀವಿ. ತಲೆ ಎಣ್ಣೆ ಜಿಡ್ಡು ನೋಡಿ, ಮತ್ತೆ ಎದ್ದು ಬರ್ತದೆ."

ಸಂಜೀವಪ್ಪ ಹತ್ತಿರ ಹೋಗಿ ನೋಡಿದ. ಬಿಳಿ ಸುಣ್ಣದ ಒಳಗಿನಿಂದ, ಕುಳಿತವಳ ತಲೆಯ ಎತ್ತರಕ್ಕೆ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಂದು ಗುರುತು ಮೂಡಿತ್ತು. ಅಂಚುಗಳು ಮಸುಕಾಗಿ, ನಡುವೆ ಗಾಢವಾಗಿತ್ತು. ಬೆರಳಿನಿಂದ ಮುಟ್ಟಿದ. ಸುಣ್ಣ ಬೆರಳಿಗೆ ಹತ್ತಿತು, ಗುರುತು ಹಾಗೆಯೇ ಇತ್ತು.

"ಕಾಫಿ ಮಾಡ್ತೀನಿ ಅಣ್ಣ, ಹಜಾರದಲ್ಲಿ ಕೂತ್ಕೊಳ್ಳಿ."

"ಮೊದ್ಲು ಒಂದ್ ಲೋಟ ನೀರು ಕೊಡಮ್ಮ."

ಅವಳು ನೀರು ತಂದಾಗ ಅವನು ಹಜಾರಕ್ಕೆ ಬಂದಿರಲಿಲ್ಲ. ಆ ಗೋಡೆಯ ಬುಡದಲ್ಲೇ ನೆಲದ ಮೇಲೆ ಕುಳಿತಿದ್ದ. ಜೇಬಿನಿಂದ ಪಟ್ಟಿ ತೆಗೆದು ಒಂದು ಮಾತ್ರೆ ಒತ್ತಿದ. ನೀರಿನ ಜೊತೆ ನುಂಗಿ ಲೋಟ ಪಕ್ಕಕ್ಕಿಟ್ಟ.

"ತಲೆನೋವಾ ಅಣ್ಣ?"

"ಇಲ್ಲಮ್ಮ. ದಿನಾ ತಗೊಳ್ಳೋದು."

ಅವಳು ಅಡುಗೆಮನೆಗೆ ಹೋದಳು. ಮುಂದಿನ ಮನೆಯಲ್ಲಿ ಯಾರೋ ರೇಷ್ಮೆ ಬಿಚ್ಚುತ್ತಿದ್ದರು, ಚರಕ ತಿರುಗುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಸಂಜೀವಪ್ಪನಿಗೆ ಬೆನ್ನು ಸೋತಿತ್ತು. ಗೋಡೆಗೆ ಒರಗಲು ಹೋದವನು, ತಲೆ ಆ ಗುರುತಿಗೆ ತಾಗದಂತೆ ಸ್ವಲ್ಪ ಮುಂದಕ್ಕೆ ಬಾಗಿ ಕುಳಿತ.